ಪಾಠ ಒಂದು ತಾಸು, ಅದರ ಪುರಾವೆ ಮೂರು ತಾಸು

ಪ್ರಶ್ನೆ: ಸರ್, ನಾನು ಬಾಗಲಕೋಟೆ ಜಿಲ್ಲೆಯ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ವಯಸ್ಸು 41. ಬೆಳಗ್ಗೆ ಒಂಬತ್ತೂವರೆಗೆ ಕಾಲೇಜು ಸೇರಿದರೆ ಬಿಡುವುದು ಸಂಜೆ ಐದೂವರೆಗೆ. ಮಕ್ಕಳು ಮಲಗಿದ ಮೇಲೆ ಮತ್ತೆ ಎರಡು ತಾಸು ಲ್ಯಾಪ್‌ಟಾಪ್. ಕಾಲೇಜಿನ ಗುಣಮಟ್ಟ ನೋಡಿ ಶ್ರೇಣಿ ಕೊಡುವ ನ್ಯಾಕ್ ಸಂಸ್ಥೆಗೆ ಬೇಕಾದ ಫೈಲು, ಅಂಕ ಏರಿಸುವುದು, ವರದಿ ಬರೆಯುವುದು. ಭಾನುವಾರವೂ ಅರ್ಧ ದಿನ ಇದಕ್ಕೇ ಹೋಗುತ್ತದೆ. ನಮ್ಮ ತಂದೆಯವರೂ ಇದೇ ಭಾಗದಲ್ಲಿ ಪ್ರಾಧ್ಯಾಪಕರಾಗಿದ್ದರು. ಐದಕ್ಕೆ ಮನೆಗೆ ಬಂದು, ಚಹಾ ಕುಡಿದು, ಓದಲು ಕೂಡುತ್ತಿದ್ದರು. ನಾನು ಒಂದು ಪುಸ್ತಕ ಪೂರ್ತಿ ಓದಿ ಎರಡು ವರ್ಷ ಆಯಿತು. ತಲೆನೋವು ಜಾಸ್ತಿಯಾಗಿದೆ, ನಿದ್ದೆ ಸರಿಯಾಗಿ ಬರುತ್ತಿಲ್ಲ. ‘ಈಗ ಎಲ್ಲಾ ಕಡೆ ಹೀಗೇ, ಹೊಂದಿಕೊಳ್ಳಬೇಕು’ ಅಂತ ಎಲ್ಲರೂ ಹೇಳುತ್ತಾರೆ. ನನ್ನಲ್ಲೇ ಸಾಮರ್ಥ್ಯ ಕಡಿಮೆ ಇದೆಯಾ? ಕೆಲಸ ಬಿಡುವ ಯೋಚನೆಯೂ ಬರುತ್ತಿದೆ. ಏನು ಮಾಡಲಿ?

ಉತ್ತರ: ತಂಗಿ, ಸಾಮರ್ಥ್ಯದ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಸಾಮರ್ಥ್ಯ ಕಡಿಮೆ ಇಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ದಿನಕ್ಕೆ ಎಂಟು ತಾಸು, ವಾರಕ್ಕೆ ಆರು ದಿನ, ಅಲ್ಲಿಗೆ 48 ಆಯಿತು. ರಾತ್ರಿ ಎರಡೆರಡು ತಾಸು ಸೇರಿದರೆ 60. ಭಾನುವಾರದ ಅರ್ಧ ದಿನಕ್ಕೆ ನಾಲ್ಕು ತಾಸು ಹಿಡಿಯೋಣ. ವಾರಕ್ಕೆ 64 ತಾಸು. ಇಷ್ಟು ದುಡಿದ ಮೇಲೂ ‘ನಾನು ಸಾಲುತ್ತಿಲ್ಲ’ ಅಂತ ಅನ್ನಿಸುತ್ತಿದ್ದರೆ, ಸಾಲದೇ ಇರುವುದು ನೀವಲ್ಲ, ವಾರದ ದಿನಗಳು.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಏನು ಹೇಳುತ್ತದೆ ನೋಡಿ. ಪೂರ್ಣಾವಧಿ ಅಧ್ಯಾಪಕರ ಕೆಲಸ ವಾರಕ್ಕೆ 40 ತಾಸಿಗಿಂತ ಕಡಿಮೆ ಇರಬಾರದು. ವರ್ಷಕ್ಕೆ 30 ವಾರ, ಅಂದರೆ 180 ಪಾಠದ ದಿನ. ವಾರದ ಆ 40 ತಾಸಿನಲ್ಲಿ ತರಗತಿಯಲ್ಲಿ ನಿಂತು ಕಲಿಸುವುದು ಸಹಾಯಕ ಪ್ರಾಧ್ಯಾಪಕರಿಗೆ 16 ತಾಸು, ಸಹ ಪ್ರಾಧ್ಯಾಪಕರು ಮತ್ತು ಪ್ರಾಧ್ಯಾಪಕರಿಗೆ 14. ಉಳಿದದ್ದು ತಯಾರಿ, ಓದು, ಸಂಶೋಧನೆ, ವಿದ್ಯಾರ್ಥಿಗಳ ಜೊತೆ ಮಾತು, ಕಾಲೇಜಿನ ಕೆಲಸ. ಈ ನಿಯಮವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಒಂದು ವಿಷಯ ಮಾತ್ರ ಬಹಳ ತಡವಾಗಿ ಕಣ್ಣಿಗೆ ಬಿತ್ತು. ಇಷ್ಟಕ್ಕಿಂತ ಕಡಿಮೆ ಬೇಡ ಅಂತ ಅದರಲ್ಲಿದೆ. ಇಷ್ಟಾದರೆ ಸಾಕು ಅಂತ ಇಲ್ಲ.

ನಾನು ಬೆಳಗಾವಿ ಮತ್ತು ವಿಜಯಪುರ ಭಾಗದ ಕಾಲೇಜುಗಳಲ್ಲಿ 33 ವರ್ಷ ಅರ್ಥಶಾಸ್ತ್ರ ಕಲಿಸಿದವನು. ಕೊನೆಯ 11 ವರ್ಷ ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ ಸಂಚಾಲಕನಾಗಿದ್ದೆ. ನೀವು ರಾತ್ರಿ ಕೂತು ತುಂಬುವ ಫೈಲುಗಳಿವೆಯಲ್ಲ, ಅಂಥವನ್ನು ಸಹೋದ್ಯೋಗಿಗಳಿಂದ ಕೇಳಿ ಕೇಳಿ ತರಿಸುತ್ತಿದ್ದವನು ನಾನೇ. ಹಾಗಾಗಿ ಎರಡೂ ಕಡೆಯಿಂದ ಹೇಳಬಲ್ಲೆ.

ಮೊದಲು ನಿಮ್ಮ ತಂದೆಯವರ ಕಾಲ. ನಮ್ಮ ಮೂರು ಜಿಲ್ಲೆಗಳಲ್ಲಿ ಶಿಕ್ಷಣ ಸಂಸ್ಥೆಗಳು ಎದ್ದು ನಿಂತದ್ದು ಜನರ ಕೈಯಿಂದ. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ. 1910ರಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಕಟ್ಟಿದ ಬಿಎಲ್‌ಡಿಇ. 1916ರಲ್ಲಿ ಬೆಳಗಾವಿಯ ಏಳು ಜನ ಶಿಕ್ಷಕರು ಕೂಡಿ ಶುರು ಮಾಡಿದ ಕೆಎಲ್‌ಇ. ಆಮೇಲೆ 1933ರಲ್ಲಿ ಲಿಂಗರಾಜ ಕಾಲೇಜು. ಮೊದಮೊದಲು ಪರೀಕ್ಷೆ, ಪದವಿ ಎಲ್ಲಾ ಮುಂಬೈ ವಿಶ್ವವಿದ್ಯಾಲಯದ್ದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಖಾನಾಪುರದಿಂದ ಸಿಂದಗಿಯ ತನಕ ಎಲ್ಲರ ಕಣ್ಣೂ ಧಾರವಾಡದ ಮೇಲೆ.

ಆಗ ವರ್ಷಕ್ಕೆ ಒಂದೇ ದೊಡ್ಡ ಪರೀಕ್ಷೆ. ಪಠ್ಯ ಒಂದು ಸಲ ಬಂತೆಂದರೆ ವರ್ಷಗಟ್ಟಲೆ ಅದೇ. ಒಬ್ಬ ಅಧ್ಯಾಪಕರು ಮೂರನೇ ವರ್ಷ ಅದೇ ಪಾಠ ಮಾಡುವಾಗ ಟಿಪ್ಪಣಿ ಕೈಯಲ್ಲೇ ಇರುತ್ತಿತ್ತು. ಉಳಿದ ಹೊತ್ತು ಹೊಸದೇನಾದರೂ ಓದಲು ಸಿಗುತ್ತಿತ್ತು. ನಿಮ್ಮ ತಂದೆಯವರು ಐದಕ್ಕೆ ಮನೆಗೆ ಬಂದು ಓದಲು ಕೂತದ್ದು ಅವರ ಶಿಸ್ತಿನಿಂದ, ನಿಜ. ಆದರೆ ಹಾಗೆ ಕೂಡಲು ಆ ವ್ಯವಸ್ಥೆಯೇ ಜಾಗ ಬಿಟ್ಟಿತ್ತು ಅನ್ನುವುದನ್ನೂ ಮರೆಯಬಾರದು.

ಆ ಕಾಲವನ್ನು ಹೊಗಳಿ ಕೂಡುವುದು ನನ್ನ ಉದ್ದೇಶ ಅಲ್ಲ. ಆಗ ತರಗತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದರು? ಹಳ್ಳಿಯಿಂದ ಬಂದವರು ಎಷ್ಟು? ಓದಿದ ಮೊದಲ ತಲೆಮಾರು ಎಷ್ಟು? ಇವತ್ತು ಹುನಗುಂದ, ಮುದ್ದೇಬಿಹಾಳ, ರಾಯಬಾಗದ ಹುಡುಗಿಯರು ಬೆಳಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಬರುತ್ತಾರೆ. 1998ರಲ್ಲಿ ಬೆಳಗಾವಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂತು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದನ್ನು ಯಾರೂ ಊಹಿಸಿರಲಿಲ್ಲ. ಇದು ಬಹಳ ದೊಡ್ಡ ಬದಲಾವಣೆ. ಇದರ ಒಂದು ಎಳೆಯನ್ನೂ ನಾನು ವಾಪಸ್ ಕೊಡಲು ತಯಾರಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಕಾಲೇಜು ಹೆಚ್ಚಾದವು, ಮಕ್ಕಳು ಹೆಚ್ಚಾದರು, ಪರೀಕ್ಷೆ ಹೆಚ್ಚಾದವು. ಕಾಯಂ ಅಧ್ಯಾಪಕರು ಹಾಗೆ ಹೆಚ್ಚಾಗಲಿಲ್ಲ. ಅನುದಾನಿತ ಕಾಲೇಜಿನಲ್ಲಿ ಒಬ್ಬರು ನಿವೃತ್ತರಾದರೆ ಆ ಕುರ್ಚಿ ವರ್ಷಗಟ್ಟಲೆ ಖಾಲಿ ಇರುತ್ತದೆ. ನಿವೃತ್ತರಾದವರ ಪಾಠವನ್ನು ಅತಿಥಿ ಉಪನ್ಯಾಸಕರಿಗೆ ಕೊಡಬಹುದು. ಅವರ ಸಮಿತಿ ಕೆಲಸ, ಫೈಲು ಕೆಲಸ ಮಾತ್ರ ಉಳಿದ ಕಾಯಂ ಜನರ ತಲೆಗೇ ಬರುತ್ತದೆ. ನೀವು ಬರೆದಿಲ್ಲ, ಆದರೆ ನಿಮ್ಮ ವಿಭಾಗದಲ್ಲಿ ಇಬ್ಬರು ಮಾಡುವ ಕೆಲಸವನ್ನು ನೀವೊಬ್ಬರೇ ಮಾಡುತ್ತಿರಬೇಕು ಅಂತ ನನ್ನ ಅಂದಾಜು.

ಅತಿಥಿ ಉಪನ್ಯಾಸಕರ ಹೆಸರು ಬಂತು, ಅವರ ಬಗ್ಗೆ ಒಂದು ಮಾತು. 2022ರ ಜನವರಿಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ ಏರಿತು. ಯುಜಿಸಿ ಅರ್ಹತೆ ಮತ್ತು ಐದು ವರ್ಷದ ಅನುಭವ ಇದ್ದವರಿಗೆ ತಿಂಗಳಿಗೆ 32,000 ರೂಪಾಯಿ, ವಾರಕ್ಕೆ 15 ತಾಸಿನ ಪಾಠ. ಏರಿದ್ದು ಒಳ್ಳೆಯದೇ. ಆದರೆ ಒಬ್ಬರಿಗೆ ಹೆಚ್ಚು ತಾಸು ಕೊಟ್ಟಾಗ ಇನ್ನೊಬ್ಬರಿಗೆ ತಾಸೇ ಉಳಿಯಲಿಲ್ಲ. ನೀವು ಕೆಲಸ ಜಾಸ್ತಿ ಅಂತ ಬಳಲುತ್ತಿದ್ದೀರಿ. ಪಕ್ಕದ ಕುರ್ಚಿಯಲ್ಲಿ ಕೂತವರು ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅಂತ ಬಳಲುತ್ತಿದ್ದಾರೆ. ಈ ಎರಡು ಸಂಕಟಗಳ ಬೇರು ಒಂದೇ.

ಈಗ ಪರೀಕ್ಷೆಯ ಲೆಕ್ಕ. ನಿಮ್ಮ ಹತ್ತಿರ 120 ವಿದ್ಯಾರ್ಥಿಗಳಿದ್ದಾರೆ ಅನ್ನೋಣ. ಸೆಮಿಸ್ಟರಿಗೆ ಎರಡು ಕಿರುಪರೀಕ್ಷೆ, ವರ್ಷಕ್ಕೆ ಎರಡು ಸೆಮಿಸ್ಟರ್. 480 ಉತ್ತರ ಪತ್ರಿಕೆ. ಒಂದಕ್ಕೆ ಆರು ನಿಮಿಷ ಅಂದರೂ 48 ತಾಸು. ಸಕ್ಕರೆ ಕಾರ್ಖಾನೆಯ ಕಾರ್ಮಿಕರೊಬ್ಬರ ಒಂದು ವಾರದ ಪೂರ್ತಿ ದುಡಿಮೆ ಇದು. ಅಸೈನ್‌ಮೆಂಟು, ಸೆಮಿಸ್ಟರ್ ಪರೀಕ್ಷೆಯ ಮೌಲ್ಯಮಾಪನ ಇದರಲ್ಲಿ ಇಲ್ಲ. ಕಂಪ್ಯೂಟರ್ ಬಂದ ಮೇಲೆ ಅಂಕ ಕೂಡಿಸುವುದು ಬೇಗ ಆಯಿತು, ಕಳಿಸುವುದು ಬೇಗ ಆಯಿತು. ಓದುವುದು ಬೇಗ ಆಗಲಿಲ್ಲ. ಒಬ್ಬ ಹುಡುಗಿ ಬರೆದದ್ದನ್ನು ಗಮನವಿಟ್ಟು ಓದಲು ನಿಮ್ಮ ತಂದೆಗೆ ಎಷ್ಟು ಹೊತ್ತು ಬೇಕಿತ್ತೋ ನಿಮಗೂ ಅಷ್ಟೇ ಬೇಕು. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲೇ ಇದನ್ನು ಹೇಳಿದ್ದರು. ಕಾರ್ಖಾನೆಯಲ್ಲಿ ಒಂದು ತಾಸಿನ ಕೆಲಸ ಅರ್ಧ ತಾಸಿಗೆ ಇಳಿಯಬಹುದು. ನಾಲ್ವರು ಕೂಡಿ ನುಡಿಸುವ ಸಂಗೀತವನ್ನು ಅರ್ಧ ಹೊತ್ತಿನಲ್ಲಿ ಮುಗಿಸಲು ಬರುವುದಿಲ್ಲ. ಕಲಿಸುವುದೂ ಆ ಜಾತಿಯ ಕೆಲಸ.

ಇದರ ಮೇಲೆ ಪಠ್ಯದ ಬದಲಾವಣೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಬಂತು. ದೇಶದಲ್ಲೇ ಮೊದಲು ನಮ್ಮ ರಾಜ್ಯದಲ್ಲಿ. 2024-25ರಲ್ಲಿ ರಾಜ್ಯ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಮತ್ತೊಂದು ಪಠ್ಯ ಬಂತು. ಯಾವ ನೀತಿ ಸರಿ ಅನ್ನುವ ಚರ್ಚೆ ಇಲ್ಲಿ ಬೇಡ. ಆದರೆ ಮೊದಲ ವರ್ಷದವರಿಗೆ ಒಂದು ಪಠ್ಯ, ಅವರ ಹಿರಿಯರಿಗೆ ಇನ್ನೊಂದು ಪಠ್ಯ ಅಂತ ಒಬ್ಬರೇ ಅಧ್ಯಾಪಕರು ಒಂದೇ ದಿನ ಎರಡನ್ನೂ ಕಲಿಸಿದರು. ಟಿಪ್ಪಣಿ ಹಳತಾಗುವ ಮೊದಲೇ ಹೊಸ ಟಿಪ್ಪಣಿ ಬರೆದರು. ಆ ಬರೆದ ರಾತ್ರಿಗಳು ಯಾವ ಲೆಕ್ಕದಲ್ಲೂ ಬರಲಿಲ್ಲ.

ಇನ್ನು ನ್ಯಾಕ್. ಇದನ್ನು ಸ್ವಲ್ಪ ನಿಂತು ಹೇಳಬೇಕು. ನ್ಯಾಕ್ ಶುರುವಾದದ್ದು 1994ರಲ್ಲಿ, ಬೆಂಗಳೂರಿನಲ್ಲಿ. ಅದು ಬೇಕಿತ್ತು. ಗ್ರಂಥಾಲಯಕ್ಕೆ ಬೀಗ ಹಾಕಿಕೊಂಡು, ಪ್ರಯೋಗಾಲಯದಲ್ಲಿ ಧೂಳು ಸಾಕಿಕೊಂಡು ನಡೆದ ಕಾಲೇಜುಗಳನ್ನು ನಾನೇ ಕಂಡಿದ್ದೇನೆ. ಯಾರೋ ಬಂದು ನೋಡುತ್ತಾರೆ ಅನ್ನುವ ಭಯದಿಂದ ಎಷ್ಟೋ ಕಡೆ ಹೆಣ್ಣುಮಕ್ಕಳಿಗೆ ಶೌಚಾಲಯ ಆಯಿತು, ಕುಡಿಯುವ ನೀರು ಬಂತು. ಅದನ್ನು ಮರೆತು ಬೈಯುವುದು ನ್ಯಾಯ ಅಲ್ಲ. ಆದರೆ ಏಳು ಮಾನದಂಡ, ಒಂದೊಂದರ ಕೆಳಗೂ ಹತ್ತಾರು ಅಂಶ, ಪ್ರತಿಯೊಂದಕ್ಕೂ ಪುರಾವೆ. 2010ರ ಯುಜಿಸಿ ನಿಯಮದಲ್ಲಿ ಅಧ್ಯಾಪಕರ ಬಡ್ತಿಗೂ ಅಂಕ ಕಟ್ಟುವ ಪದ್ಧತಿ ಬಂದಾಗ, ಕಾಲೇಜಿನ ಪುರಾವೆಯ ಜೊತೆ ನಮ್ಮ ನಮ್ಮ ಸ್ವಂತ ಪುರಾವೆಯೂ ಸೇರಿತು.

ಒಂದು ಸಣ್ಣ ಕಾರ್ಯಕ್ರಮ ತಗೊಳ್ಳಿ. ಜನವರಿ 25ರ ಮತದಾರರ ದಿನ. ತಹಶೀಲ್ದಾರ್ ಕಚೇರಿಯಿಂದ ಒಬ್ಬರು ಬಂದು ನಲವತ್ತು ನಿಮಿಷ ಮಾತಾಡಿದರು, ಮಕ್ಕಳು ಪ್ರತಿಜ್ಞೆ ಮಾಡಿದರು, ಮುಗಿಯಿತು. ಈಗ ಅದರ ಫೈಲು. ಸುತ್ತೋಲೆ, ಅದಕ್ಕೆ ಸಹಿ. ಅತಿಥಿಗೆ ಬರೆದ ಪತ್ರ. ಬ್ಯಾನರಿನ ಫೋಟೊ. ಮಕ್ಕಳ ಸಹಿ ಇರುವ ಹಾಜರಿ ಹಾಳೆ. ಸ್ಥಳ, ದಿನಾಂಕ, ಅಕ್ಷಾಂಶ ರೇಖಾಂಶ ಬೀಳುವ ಹಾಗೆ ತೆಗೆದ ಫೋಟೊ. ಒಂದು ಫೋಟೊದಲ್ಲಿ ಅಕ್ಷಾಂಶ ಬೀಳಲಿಲ್ಲ ಅಂತ ಎಲ್ಲರನ್ನೂ ಮತ್ತೆ ಕೂಡಿಸಿ ತೆಗೆದದ್ದೂ ಉಂಟು. ಫೀಡ್‌ಬ್ಯಾಕ್ ಫಾರ್ಮು, ಅದರ ವಿಶ್ಲೇಷಣೆ. ಒಂದು ಪುಟದ ವರದಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ, ಒಂದು ಫೈಲಿಗೆ ಸೇರಿಸಿ, ಲಿಂಕು ಮಾಡಿ, ಪಟ್ಟಿಯಲ್ಲಿ ಏರಿಸುವುದು. ಮೂರು ತಾಸಿಗೆ ಕಡಿಮೆ ಇಲ್ಲ. ಆ ಮೂರು ತಾಸಿನಲ್ಲಿ ಮತದಾನದ ಬಗ್ಗೆ ಯಾರೂ ಯೋಚನೆ ಮಾಡಿರುವುದಿಲ್ಲ.

ನನ್ನದೇ ಒಂದು ದಿನ ಹೇಳುತ್ತೇನೆ. ನ್ಯಾಕ್ ತಂಡ ಬರಲು ಇನ್ನು ಎರಡು ವಾರ ಇತ್ತು. ನಾವು ಐದಾರು ಜನ ಒಂದು ಕೋಣೆಯಲ್ಲಿ ಕೂತು ಫೈಲಿಗೆ ಚೀಟಿ ಅಂಟಿಸುತ್ತಿದ್ದೆವು. ಮೇಜಿನ ಮೇಲೆ ಗೋಂದು, ಕತ್ತರಿ, ಏಳು ಮಾನದಂಡಕ್ಕೆ ಏಳು ಬಣ್ಣದ ಚೀಟಿ. ಬಿ.ಎ. ಎರಡನೇ ವರ್ಷದ ಒಬ್ಬ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ನೋಟ್‌ಬುಕ್, ನಡುವೆ ಬೆರಳಿಟ್ಟು ಹಿಡಿದಿದ್ದಳು. ‘ಸರ್, ಬೇಡಿಕೆಯ ಸ್ಥಿತಿಸ್ಥಾಪಕತ್ವದಾಗ ಒಂದು ಲೆಕ್ಕ ತಿಳೀವಲ್ದು’ ಅಂದಳು. ನಾನು ತಲೆ ಎತ್ತದೆ ‘ನಾಳೆ ಬಾರವ್ವ’ ಅಂದೆ. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಅವಳು ಬರಲಿಲ್ಲ. ಆ ವಾರದ ಕೊನೆಗೆ ಮಾರ್ಗದರ್ಶನದ ದಾಖಲೆ ಪುಸ್ತಕ ಪೂರ್ತಿ ಮಾಡಬೇಕಿತ್ತು. ಅವಳ ಹೆಸರಿನ ಮುಂದೆ ‘ವಿದ್ಯಾರ್ಥಿನಿಯನ್ನು ಭೇಟಿ ಮಾಡಿ ಸಲಹೆ ನೀಡಲಾಯಿತು’ ಅಂತ ನಾನೇ ಬರೆದು ಸಹಿ ಮಾಡಿದೆ. ಬರೆಯುವಾಗ ಏನೂ ಅನ್ನಿಸಲಿಲ್ಲ. ರಾತ್ರಿ ಮಲಗಿದಾಗ ಆ ನೋಟ್‌ಬುಕ್ ನೆನಪಾಯಿತು. ಅದರ ನಡುವೆ ಇಟ್ಟ ಬೆರಳು ನೆನಪಾಯಿತು. ಕಾಲೇಜಿಗೆ ಒಳ್ಳೆಯ ಶ್ರೇಣಿ ಬಂತು. ಆ ಲೆಕ್ಕವನ್ನು ನಾನು ಅವಳಿಗೆ ಹೇಳಿಕೊಡಲೇ ಇಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಕೆಲಸ ಅತಿಯಾದಾಗ ನಾವು ಬಿಡುವುದು ಯಾವುದನ್ನು ಅಂತ ನೋಡಬೇಕು. ಫೈಲು ಬಿಡುವುದಿಲ್ಲ, ಅದನ್ನು ಕೇಳುವವರಿದ್ದಾರೆ. ಅಂಕ ಏರಿಸುವುದನ್ನು ಬಿಡುವುದಿಲ್ಲ, ಅದಕ್ಕೆ ಕೊನೆಯ ದಿನಾಂಕ ಇದೆ. ಓದು ಬಿಡುತ್ತೇವೆ. ನಾಳೆಯ ಪಾಠದ ತಯಾರಿ ಬಿಡುತ್ತೇವೆ. ಬಾಗಿಲಲ್ಲಿ ನಿಂತ ಹುಡುಗಿಯನ್ನು ಬಿಡುತ್ತೇವೆ. ಯಾಕೆಂದರೆ ಇವುಗಳ ಪುರಾವೆಯನ್ನು ಯಾರೂ ಕೇಳುವುದಿಲ್ಲ. ನೀವು ಎರಡು ವರ್ಷದಿಂದ ಒಂದು ಪುಸ್ತಕ ಓದಿಲ್ಲ ಅಂತ ಬರೆದಿರಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದ ಸಾಲು ಅದೇ. ಇತಿಹಾಸ ಕಲಿಸುವವರಿಗೆ ಓದು ಹವ್ಯಾಸ ಅಲ್ಲ, ಅದೇ ಮುಖ್ಯ ಕೆಲಸ. ಅದನ್ನು ಮಾಡಲು ಬಿಡದೆ ಉಳಿದದ್ದೆಲ್ಲ ಮಾಡಿಸಿಕೊಳ್ಳುತ್ತಿದ್ದಾರೆ.

‘ಈಗ ಎಲ್ಲಾ ಕಡೆ ಹೀಗೇ’ ಅನ್ನುವವರ ಮಾತು ಅರ್ಧ ಸರಿ. ಬ್ಯಾಂಕಿನವರು, ಆಸ್ಪತ್ರೆಯವರು, ಸಾಫ್ಟ್‌ವೇರ್ ಮಕ್ಕಳು ಎಲ್ಲರೂ ಇದನ್ನೇ ಹೇಳುತ್ತಾರೆ. 1930ರಲ್ಲಿ ಕೇನ್ಸ್ ಅನ್ನುವ ಅರ್ಥಶಾಸ್ತ್ರಜ್ಞ ಇನ್ನು ನೂರು ವರ್ಷದಲ್ಲಿ ವಾರಕ್ಕೆ 15 ತಾಸು ದುಡಿದರೆ ಸಾಕಾಗುತ್ತದೆ ಅಂತ ಅಂದಾಜು ಮಾಡಿದ್ದ. 2030 ಬಾಗಿಲಲ್ಲೇ ಇದೆ. 2023ರಲ್ಲಿ ನಮ್ಮವರೇ ಆದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕು ಅಂದರು. ಅವರು ಕಂಪನಿ ಕಟ್ಟಿದವರು. ತಾನು ಕಟ್ಟುವ ಕೆಲಸಕ್ಕೆ ಮನುಷ್ಯ ಹೊತ್ತಿನ ಲೆಕ್ಕ ಇಡುವುದಿಲ್ಲ, ಅದು ಸತ್ಯ. ಹಳಕಟ್ಟಿಯವರು ವಕೀಲಿಕೆಯ ನಡುವೆ ಊರೂರು ಅಲೆದು ವಚನಗಳ ತಾಡೋಲೆ ಕೂಡಿಸಿದರು, ಮುದ್ರಣಾಲಯ ಹಾಕಿದರು, ಜೀವನವನ್ನೇ ಅದಕ್ಕೆ ಕೊಟ್ಟರು. ಅವರ ಹತ್ತಿರ ಯಾರೂ ಅಕ್ಷಾಂಶ ಇರುವ ಫೋಟೊ ಕೇಳಿರಲಿಲ್ಲ. ತನ್ನ ಕೆಲಸವನ್ನು ಹಗಲು ರಾತ್ರಿ ಮಾಡುವುದು ಬೇರೆ. ತನ್ನದಲ್ಲದ ಕೆಲಸದಲ್ಲಿ ತನ್ನ ಕೆಲಸ ಮುಳುಗಿ ಹೋಗುವುದನ್ನು ನೋಡುತ್ತಾ ಕೂಡುವುದು ಬೇರೆ. ದಣಿವು ಎರಡರಲ್ಲೂ ಇದೆ. ಎರಡನೆಯದರಲ್ಲಿ ನಿದ್ದೆ ಬರುವುದಿಲ್ಲ.

ಯಂತ್ರ ಬಂದರೆ ಬಿಡುವು ಬರುತ್ತದೆ ಅನ್ನುವುದನ್ನು ನಿಮ್ಮ ಜಿಲ್ಲೆಯ ರಬಕವಿ-ಬನಹಟ್ಟಿಯ ನೇಕಾರರ ಹತ್ತಿರ ಹೇಳಿ ನೋಡಿ. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂತು. ಬಟ್ಟೆ ಜಾಸ್ತಿ ಬಂತು. ಮಗ್ಗದ ಮುಂದೆ ನಿಲ್ಲುವ ಹೊತ್ತು ಕಡಿಮೆ ಆಗಲಿಲ್ಲ, ಒಬ್ಬರೇ ನೋಡಬೇಕಾದ ಮಗ್ಗಗಳು ಹೆಚ್ಚಾದವು. ನಮ್ಮ ಕಾಲೇಜಿನ ಕಂಪ್ಯೂಟರಿನ ಕಥೆಯೂ ಇದೇ. ಅಂಕ, ಹಾಜರಿ, ಪ್ರವೇಶ ಎಲ್ಲಾ ಈಗ ಯುಯುಸಿಎಂಎಸ್ ತಂತ್ರಾಂಶದಲ್ಲಿ. ಗುಮಾಸ್ತರು ಮಾಡುತ್ತಿದ್ದ ಕೆಲಸ ಒಂದು ಲಾಗಿನ್ ಕೊಟ್ಟ ಕೂಡಲೇ ಅಧ್ಯಾಪಕರದ್ದಾಯಿತು. ಮನೆಯಿಂದಲೂ ಮಾಡಬಹುದು ಅಂತ ಆದ ಮೇಲೆ ಮನೆಯಿಂದಲೂ ಮಾಡಬೇಕು ಅಂತ ಆಯಿತು.

ಸ್ಟಾಫ್ ಮೀಟಿಂಗಿನಲ್ಲಿ ಯಾರಾದರೂ ಬಾಯಿ ಬಿಟ್ಟರೆ ‘ಕಾಯಕವೇ ಕೈಲಾಸ’ ಅನ್ನುತ್ತಾರೆ, ಅಲ್ವಾ? ನಮ್ಮದು ಬಸವಣ್ಣ ಹುಟ್ಟಿದ ಬಾಗೇವಾಡಿ, ಐಕ್ಯರಾದ ಕೂಡಲಸಂಗಮ ಎರಡೂ ಇರುವ ನೆಲ. ಆ ಮಾತಿಗೆ ಎದುರಾಡಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಅದೇ ಶರಣರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇದ್ದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಸಂತೋಷ ಪಡಲಿಲ್ಲ. ಇಷ್ಟು ಅಕ್ಕಿಯ ಆಸೆ ನಮಗೆ ಯಾಕೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಅಂತ ಕಳಿಸಿದಳು. ಕಾಯಕಕ್ಕೆ ಒಂದು ಅಳತೆ ಇದೆ ಅಂತ ಹೇಳಿದವಳು ಆಕೆ. ನಮ್ಮ ರೈತರಿಗೂ ಆ ಅಳತೆ ಗೊತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲ ಹದಕ್ಕೆ ಬಂದಿರಲಿ, ಮೋಡ ಕಟ್ಟಿರಲಿ, ಸೋಮವಾರ ಅಂದರೆ ಸೋಮವಾರ. ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ ಎಳ್ಳ ಅಮಾವಾಸ್ಯೆ ಬರುತ್ತದೆ, ಇಡೀ ಮನೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಕೂತು ಉಣ್ಣುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರ ದುಡಿಮೆ ನಮ್ಮೆಲ್ಲರಿಗಿಂತ ಕಠಿಣ, ಅದರ ಜೊತೆ ನಮ್ಮದನ್ನು ಹೋಲಿಸುವುದೇ ತಪ್ಪು. ಆದರೂ ಅವರ ಹಂಗಾಮು ಒಂದು ದಿನ ಮುಗಿಯುತ್ತದೆ. ನಿಮ್ಮ ಫೈಲಿನ ಹಂಗಾಮು ಮುಗಿಯುವುದಿಲ್ಲ.

ಕಾನೂನು ಏನಾದರೂ ನೆರವಿಗೆ ಬರುತ್ತದಾ ಅಂತ ಕೇಳಬಹುದು. ಕಡಿಮೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48 ತಾಸು ದಾಟಿದರೆ ದುಪ್ಪಟ್ಟು ಕೂಲಿ ಅಂತ ಇತ್ತು. ಅದು ಕಾರ್ಖಾನೆಗೆ. ಅಧ್ಯಾಪಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೆಲಸದ ಹೊತ್ತು ಮುಗಿದ ಮೇಲೆ ಫೋನಿಗೆ ಉತ್ತರಿಸದೇ ಇರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ. ಇಲ್ಲಿ ನಮ್ಮ ಮಿತಿಯನ್ನು ನಾವೇ ಕೂತು ಮಾತಾಡಿ ಹಾಕಿಕೊಳ್ಳಬೇಕು.

ಇನ್ನೊಂದು ವಿಷಯ. ತಪ್ಪು ತಿಳಿಯಬೇಡಿ. ನಿಮ್ಮ ತಂದೆಯವರು ಐದಕ್ಕೆ ಬಂದು ಚಹಾ ಕುಡಿದು ಓದಲು ಕೂಡುತ್ತಿದ್ದರು ಅಂತ ಬರೆದಿರಿ. ಆ ಚಹಾ ಮಾಡಿದವರು ಯಾರು? ಅವರು ಓದುವಾಗ ಒಳಗೆ ರೊಟ್ಟಿ ಬಡಿಯುತ್ತಿದ್ದವರು, ನಿಮ್ಮನ್ನು ಸುಮ್ಮನೆ ಕೂಡಿಸಿದವರು? ನಾನೂ ಅಂಥ ಮನೆಯಲ್ಲೇ ಓದಿದವನು, ನನ್ನ ಹೆಂಡತಿಯ ಹೊತ್ತನ್ನು ತಿಂದು ಓದಿದವನು. ನೀವು ತಂದೆಯವರ ಜೊತೆ ಹೋಲಿಸಿಕೊಂಡು ನೊಂದುಕೊಳ್ಳುತ್ತಿದ್ದೀರಿ. ಆದರೆ ನೀವು ತಂದೆಯ ಕೆಲಸ, ತಾಯಿಯ ಕೆಲಸ ಎರಡನ್ನೂ ಮಾಡುತ್ತಿದ್ದೀರಿ. 2019ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಗಂಡಸರು 97. ನಾನು ಹಾಕಿದ 64 ತಾಸಿನ ಲೆಕ್ಕದಲ್ಲಿ ಇದು ಒಂದು ನಿಮಿಷವೂ ಸೇರಿಲ್ಲ. ನಿಮ್ಮ ಪತ್ರದಲ್ಲಿ ಯಜಮಾನರ ಮಾತೇ ಬಂದಿಲ್ಲ. ಈ ಉತ್ತರವನ್ನು ಅವರಿಗೂ ಓದಲು ಕೊಡಿ. ಮಕ್ಕಳನ್ನು ಮಲಗಿಸುವುದು, ಬೆಳಗಿನ ಡಬ್ಬಿ ಕಟ್ಟುವುದು, ಇವೆರಡರಲ್ಲಿ ಒಂದು ಪೂರ್ತಿ ಅವರದ್ದಾಗಲಿ. ‘ಸಹಾಯ ಮಾಡ್ತೀನಿ’ ಅಂದರೆ ಸಾಲದು, ಅದು ಅವರದೇ ಕೆಲಸ ಆಗಬೇಕು.

ಆರೋಗ್ಯದ ಮಾತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೂಡಿ ಒಂದು ಅಧ್ಯಯನ ಹೊರಗೆ ತಂದವು. ವಾರಕ್ಕೆ 35ರಿಂದ 40 ತಾಸು ದುಡಿಯುವವರಿಗಿಂತ 55 ತಾಸು ಅಥವಾ ಅದಕ್ಕೂ ಜಾಸ್ತಿ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ 35%, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು ಅಂತ ಅದರಲ್ಲಿದೆ. ಹೆದರಿಸಲು ಹೇಳುತ್ತಿಲ್ಲ. ನಾನು ವೈದ್ಯನೂ ಅಲ್ಲ. ಆದರೆ ತಲೆನೋವು, ನಿದ್ದೆ ಇಲ್ಲದಿರುವುದು ಇಷ್ಟು ದಿನ ನಡೆದಿದೆ ಅಂದ ಮೇಲೆ ಈ ವಾರವೇ ವೈದ್ಯರ ಹತ್ತಿರ ಹೋಗಿ ರಕ್ತದೊತ್ತಡ ನೋಡಿಸಿ. ಮನಸ್ಸು ತೀರಾ ಭಾರ ಆದ ದಿನ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸರ್ಕಾರದ ಸೇವೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಈಗ ಮಾಡುವುದು ಏನು. ಎರಡು ವಾರ ಒಂದು ಸಣ್ಣ ಡೈರಿ ಇಡಿ. ಅರ್ಧ ತಾಸಿಗೆ ಒಂದು ಸಾಲು ಸಾಕು. ಪಾಠ, ತಯಾರಿ, ವಿದ್ಯಾರ್ಥಿ, ಇದಕ್ಕೆ ಒಂದು ಗುರುತು. ಪುರಾವೆಯ ಕೆಲಸಕ್ಕೆ ಇನ್ನೊಂದು. ಮನೆಗೆ ಮತ್ತೊಂದು. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಸಹೋದ್ಯೋಗಿ ಹೀಗೆ ಬರೆದು ಪ್ರಾಚಾರ್ಯರ ಮುಂದೆ ಇಟ್ಟರು. ‘ಕೆಲಸ ಜಾಸ್ತಿ ಆಗಿದೆ ಸರ್’ ಅಂತ ಹತ್ತು ಸಲ ಹೇಳಿದಾಗ ಆಗದ್ದು ಆ ಎರಡು ಹಾಳೆಯಿಂದ ಆಯಿತು. ಅವರ ಹೆಸರು ಒಂಬತ್ತು ಸಮಿತಿಯಲ್ಲಿತ್ತು, ನಾಲ್ಕಕ್ಕೆ ಇಳಿಯಿತು. ಅಷ್ಟು ಸಮಿತಿಯಲ್ಲಿ ಅವರಿದ್ದಾರೆ ಅಂತ ಪ್ರಾಚಾರ್ಯರಿಗೇ ಗೊತ್ತಿರಲಿಲ್ಲ.

ಹೊಸ ಕೆಲಸ ಬಂದಾಗ ‘ಆಗಲ್ಲ’ ಅನ್ನುವುದು ನಮ್ಮ ಕಡೆ ಕಷ್ಟ, ಅದರಲ್ಲೂ ಹೆಣ್ಣುಮಕ್ಕಳಿಗೆ. ಹಾಗಾಗಿ ಇನ್ನೊಂದು ಮಾತು ಕಲಿಯಿರಿ: ‘ಮಾಡ್ತೀನಿ ಸರ್, ಇದರ ಬದಲು ಈಗಿರುವ ಯಾವುದನ್ನು ಬಿಡಲಿ?’ ಇದನ್ನು ಸಾಧ್ಯವಾದರೆ ಬರವಣಿಗೆಯಲ್ಲಿ ಕೇಳಿ. ಕೇಳಿದ್ದರಲ್ಲಿ ಅಗೌರವ ಇಲ್ಲ.

ಪುರಾವೆಯನ್ನು ಆಯಾ ದಿನವೇ ಮುಗಿಸಿ. ಕಾರ್ಯಕ್ರಮ ನಡೆಯುತ್ತಿರುವಾಗಲೇ ಹಾಜರಿ ಹಾಳೆ ಸ್ಕ್ಯಾನ್ ಆಗಲಿ, ಫೋಟೊ ಸರಿ ಬಿತ್ತಾ ಅಂತ ಅಲ್ಲೇ ನೋಡಿಕೊಳ್ಳಿ. ಅಲ್ಲೇ ನಾಲ್ಕು ಸಾಲಿನ ವರದಿ. ಆರು ತಿಂಗಳ ನಂತರ ಹುಡುಕಲು ಕೂತರೆ ಅದೇ ಕೆಲಸ ನಾಲ್ಕು ಪಟ್ಟು. ಸಂಚಾಲಕನಾಗಿ ನಾನು ಕಂಡ ಅರ್ಧ ರಾತ್ರಿಗಳು ಹುಡುಕುವುದರಲ್ಲೇ ಹೋದವು. ಇನ್ನು ಎಲ್ಲವನ್ನೂ ಚೆಂದ ಮಾಡಲು ಹೋಗಬೇಡಿ. ಪಾಠ ಚೆಂದ ಇರಲಿ. ಫೈಲು ಸರಿ ಇದ್ದರೆ ಸಾಕು.

ವಾಟ್ಸ್ಆ್ಯಪ್ ಗುಂಪಿನ ವಿಷಯ ಒಬ್ಬರೇ ಮಾಡಿದರೆ ಕೆಟ್ಟವರಾಗುತ್ತೀರಿ. ನಾಲ್ಕೈದು ಜನ ಕೂಡಿ ಪ್ರಾಚಾರ್ಯರ ಹತ್ತಿರ ಹೋಗಿ. ರಾತ್ರಿ ಎಂಟರ ನಂತರ ಬಂದ ಸೂಚನೆಗೆ ಮರುದಿನ ಹತ್ತಕ್ಕೆ ಉತ್ತರ ಅಂತ ಒಂದು ಒಪ್ಪಂದ ಮಾಡಿಕೊಳ್ಳಿ. ತುರ್ತು ಇದ್ದರೆ ಫೋನ್ ಮಾಡಲಿ. ತುರ್ತು ಎಷ್ಟು ಕಡಿಮೆ ಅಂತ ಒಂದು ತಿಂಗಳಲ್ಲಿ ಅವರಿಗೂ ತಿಳಿಯುತ್ತದೆ.

ಇಷ್ಟೆಲ್ಲಾ ಮಾಡಿದರೂ 64 ತಾಸು 50ಕ್ಕೆ ಇಳಿಯಬಹುದು, 40 ಆಗುವುದಿಲ್ಲ. ಖಾಲಿ ಹುದ್ದೆ ತುಂಬದೆ ಪೂರ್ತಿ ಪರಿಹಾರ ಇಲ್ಲ. ಅದು ನಿಮ್ಮೊಬ್ಬರ ಕೈಯಲ್ಲಿಲ್ಲ, ಅಧ್ಯಾಪಕರ ಸಂಘ ಬಿಡದೆ ಕೇಳಬೇಕಾದ ವಿಷಯ. ಸಂಘದ ಸಭೆಗೆ ಹೋಗುವುದನ್ನೂ ನೀವು ಬಿಟ್ಟಿರಬೇಕು ಅಂತ ನನಗೆ ಅನುಮಾನ. ಡೈರಿಯ ಹಾಳೆ ಹಿಡಿದುಕೊಂಡು ಹೋಗಿ. ಬೇರೆಯವರೂ ತಮ್ಮ ತಮ್ಮ ಹಾಳೆ ತಂದರೆ ಅದೇ ಬೇಡಿಕೆ ಪತ್ರ ಆಗುತ್ತದೆ.

ಕೆಲಸ ಬಿಡುವ ತೀರ್ಮಾನವನ್ನು ಸೆಮಿಸ್ಟರ್ ನಡುವೆ ತಗೊಳ್ಳಬೇಡಿ. ನಿದ್ದೆಗೆಟ್ಟ ತಲೆಗೆ ಎಲ್ಲಾ ದಾರಿಯೂ ಮುಚ್ಚಿದಂತೆ ಕಾಣುತ್ತದೆ. ರಜೆ ಬರಲಿ. ರಜೆಯ ಮೊದಲ ಹತ್ತು ದಿನ ಯಾವ ಫೈಲನ್ನೂ ಮುಟ್ಟದೆ ಇರಿ. ಹನ್ನೊಂದನೆಯ ದಿನವೂ ಕಾಲೇಜಿನ ಗೇಟು ನೆನಪಾದರೆ ಎದೆ ಭಾರ ಆಗುತ್ತಿದ್ದರೆ ಬಿಡುವ ಬಗ್ಗೆ ಕೂತು ಮಾತಾಡೋಣ, ತಪ್ಪೇನಿಲ್ಲ. ಅಲ್ಲಿಯ ತನಕ ವಾರಕ್ಕೆ ಮೂರು ದಿನ, ಸಂಜೆ ಒಂದೊಂದು ತಾಸು, ಫೋನ್ ಬೇರೆ ಕೋಣೆಯಲ್ಲಿಟ್ಟು ಓದಿ. ಪಾಠಕ್ಕೆ ಬೇಕಾದದ್ದೇ ಆಗಬೇಕು ಅಂತೇನಿಲ್ಲ. ತಂದೆಯವರ ಪುಸ್ತಕಗಳು ಮನೆಯಲ್ಲೇ ಇದ್ದರೆ ಅದರಲ್ಲೇ ಒಂದು ತೆಗೆಯಿರಿ. ಎರಡು ವಾರದ ಡೈರಿ ಮುಗಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಯಾವ ಸಮಿತಿಯನ್ನು ಮೊದಲು ಬಿಡಬೇಕು ಅಂತ ಇಬ್ಬರೂ ಕೂಡಿ ನೋಡೋಣ.